ಬಾಗಿಲು ತೆಗೆದವರು ಒಳಗಿನವರೇ

ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನಲ್ಲಿ ಹೇಮಾವತಿ ಹೊಳೆಯ ನೀರನ್ನು ಅಳೆಯುವ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವೊಂದಿದೆ. ಗೊರೂರು ಅಣೆಕಟ್ಟೆಯಿಂದ ಬಿಟ್ಟ ನೀರು, ದಾರಿಯಲ್ಲಿ ಕೂಡಿಕೊಂಡ ಹಳ್ಳಕೊಳ್ಳದ ನೀರು ಎಲ್ಲವೂ ಇಲ್ಲಿ ಅಳತೆಗೆ ಸಿಕ್ಕಿ ಮುಂದೆ ಕನ್ನಂಬಾಡಿ ಕಟ್ಟೆಯ ಹಿನ್ನೀರು ಸೇರುತ್ತದೆ. ಹೊಳೆ ಎಷ್ಟು ಏರಿದೆ ಎಂಬುದನ್ನು ಇಲ್ಲಿ ಓದಿಕೊಂಡವರಿಗೆ ಕೆಳಗಿನ ಕಟ್ಟೆಗೆ ಏನು ಬರಲಿದೆ ಎಂಬುದು ಮೊದಲೇ ತಿಳಿಯುತ್ತದೆ. ಪ್ರವಾಹ ಮನೆಗೆ ನುಗ್ಗಿದ ಮೇಲೆ ಅಳೆಯುವುದಕ್ಕೆ ಯಾವ ಉಪಕರಣವೂ ಬೇಕಿಲ್ಲ, ಗೋಡೆಯ ಮೇಲಿನ ಕೆಸರಿನ ಗೆರೆಯೇ ಸಾಕು.

ಸರ್ವಾಧಿಕಾರ ಬರುವ ಮೊದಲು ಓದಿಕೊಳ್ಳಬಹುದಾದ ಅಳತೆಗೋಲು ಏನಾದರೂ ಇದೆಯೆ? ಇದೆ ಎಂಬುದು ನನ್ನ ನಂಬಿಕೆ. ಎರಡು ಮಹಾಯುದ್ಧಗಳ ನಡುವಿನ ಯೂರೋಪು ಅದರ ಲೆಕ್ಕವನ್ನು ವರ್ಷವರ್ಷವೂ ಬರೆದಿಟ್ಟು ಹೋಗಿದೆ. ಅದನ್ನು ಓದಿಕೊಂಡು ನಮ್ಮ ಕಡೆಗೆ ತಿರುಗಿದರೆ ನೆಮ್ಮದಿಯಿಂದ ಕೂರುವ ಹಾಗಿಲ್ಲ.

ಆ ಕಾಲ ಬಹಳ ದೂರದ್ದೇನಲ್ಲ. ಇದೇ ಅಕ್ಕಿಹೆಬ್ಬಾಳಿನಲ್ಲಿ 1900ರಲ್ಲಿ ಹುಟ್ಟಿ 2003ರವರೆಗೂ ಬಾಳಿದ ಎ.ಎನ್. ಮೂರ್ತಿರಾಯರ ಆಯುಸ್ಸಿನೊಳಗೆ ಅದು ಪೂರ್ತಿ ಅಡಗುತ್ತದೆ. ಮೊದಲ ಮಹಾಯುದ್ಧ ಮುಗಿದಾಗ ಅವರಿಗೆ 18, ಮುಸೊಲಿನಿ ಪ್ರಧಾನಿಯಾದಾಗ 22, ಹಿಟ್ಲರ್ ಚಾನ್ಸಲರ್ ಆದಾಗ 32. ಫ್ರೆಂಚ್ ನಾಟಕಕಾರ ಮೊಲಿಯೇರನ ‘ತಾರ್ತುಫ್’ ನಾಟಕವನ್ನು ಅವರು ‘ಆಷಾಢಭೂತಿ’ ಎಂದು ಕನ್ನಡಕ್ಕೆ ಒಗ್ಗಿಸಿದರು. ಮೊಲಿಯೇರನ ನಾಟಕದಲ್ಲಿ ತಾರ್ತುಫ್ ಎಂಬ ಕಪಟಿ ಕನ್ನ ಕೊರೆದು ಒಳಗೆ ಬಂದವನಲ್ಲ. ಮನೆಯ ಯಜಮಾನನೇ ಅವನನ್ನು ಕರೆತಂದು, ಮಗಳನ್ನು ಕೊಡುತ್ತೇನೆಂದು ಮಾತು ಕೊಟ್ಟು, ಕೊನೆಗೆ ಆಸ್ತಿಯನ್ನೇ ಅವನ ಹೆಸರಿಗೆ ಬರೆದುಕೊಡುತ್ತಾನೆ. ಮನೆಯವರು ಎಷ್ಟು ಹೇಳಿದರೂ ಅವನ ಕಿವಿಗೆ ಬೀಳುವುದಿಲ್ಲ. ಯೂರೋಪಿನ ಇತಿಹಾಸವನ್ನು ಓದುವಾಗ ನನಗೆ ಹಿಟ್ಲರನಿಗಿಂತ ಹೆಚ್ಚಾಗಿ ಕಾಡುವವನು ಆ ಯಜಮಾನ. ಮೊಲಿಯೇರನ ನಾಟಕದಲ್ಲಾದರೂ ಕೊನೆಯಲ್ಲಿ ರಾಜನ ಅಧಿಕಾರಿ ಬಂದು ಮನೆ ಉಳಿಸುತ್ತಾನೆ. ಇಟಲಿಯಲ್ಲಿ ಬಾಗಿಲು ತೆಗೆದವನು ರಾಜನೇ.

1919ರ ಮಾರ್ಚ್ 23ರಂದು ಮಿಲಾನ್ ನಗರದ ಸಾನ್ ಸೆಪೋಲ್ಕ್ರೊ ಚೌಕದಲ್ಲಿ ಮುಸೊಲಿನಿ ತನ್ನ ಗುಂಪನ್ನು ಕಟ್ಟಿದ. ಅದೇ ನವೆಂಬರಿನ ಚುನಾವಣೆಯಲ್ಲಿ ಆ ಗುಂಪಿಗೆ ಒಂದು ಸ್ಥಾನವೂ ದಕ್ಕಲಿಲ್ಲ. ತನ್ನ ನೆಲೆಯಾದ ಮಿಲಾನಿನಲ್ಲೇ ಅದರ ಮತ ಐದು ಸಾವಿರ ಮುಟ್ಟಲಿಲ್ಲ. ಅಲ್ಲಿಗೇ ಮುಗಿಯಬೇಕಿದ್ದ ಕಥೆ ಅದು. ಆದರೆ ಪೋ ನದಿಯ ಬಯಲಿನಲ್ಲಿ ಕೂಲಿಕಾರರ ಸಂಘಗಳು ಬಲವಾಗಿದ್ದವು, ದೊಡ್ಡ ಜಮೀನುದಾರರು ಹೆದರಿದ್ದರು. ಕರಿಯಂಗಿ ತೊಟ್ಟ ತಂಡಗಳಿಗೆ ಅವರು ದುಡ್ಡು ಕೊಟ್ಟರು. ತಂಡಗಳು ಲಾರಿಗಳಲ್ಲಿ ಬಂದು ಸಂಘದ ಕಚೇರಿ ಸುಟ್ಟವು, ಮುಖಂಡರನ್ನು ಹಿಡಿದು ಬಲವಂತವಾಗಿ ಹರಳೆಣ್ಣೆ ಕುಡಿಸಿದವು. ಪೊಲೀಸರು ಎಷ್ಟೋ ಕಡೆ ನೋಡಿಯೂ ನೋಡದಂತೆ ಇದ್ದರು.

ಇದನ್ನು ದಮನ ಮಾಡಬಹುದಾಗಿದ್ದ ವ್ಯಕ್ತಿ ಜೊಲಿತ್ತಿ. ಐದು ಬಾರಿ ಪ್ರಧಾನಿಯಾಗಿದ್ದ, 78 ವರ್ಷದ, ನುರಿತ ಮುತ್ಸದ್ದಿ. 1921ರ ಮೇ ಚುನಾವಣೆಗೆ ಅವನು ಫ್ಯಾಸಿಸ್ಟರನ್ನು ತನ್ನ ಮೈತ್ರಿಕೂಟದ ಪಟ್ಟಿಗೇ ಸೇರಿಸಿಕೊಂಡ. ಸಮಾಜವಾದಿಗಳ ಸೊಕ್ಕು ಮುರಿಯಲು ಈ ಹುಡುಗರು ಉಪಯೋಗಕ್ಕೆ ಬರುತ್ತಾರೆ, ಆಮೇಲೆ ತಾವೇ ಪಳಗುತ್ತಾರೆ ಎಂಬುದು ಅವನ ಎಣಿಕೆ. ಒಂದೂ ಸ್ಥಾನವಿಲ್ಲದವರಿಗೆ 35 ಸ್ಥಾನ ಸಿಕ್ಕಿತು. ಸ್ಥಾನಕ್ಕಿಂತ ದೊಡ್ಡದಾಗಿ ಮರ್ಯಾದೆ ಸಿಕ್ಕಿತು.

1922ರ ಅಕ್ಟೋಬರ್ ಕೊನೆಯಲ್ಲಿ ನಡೆದ ‘ರೋಮ್ ದಂಡಯಾತ್ರೆ’ಯನ್ನು ಫ್ಯಾಸಿಸ್ಟರು ಆಮೇಲೆ ಮಹಾಯುದ್ಧದಂತೆ ವರ್ಣಿಸಿದರು. ನಿಜದಲ್ಲಿ ಅವರ ಜನ ಮಳೆಯಲ್ಲಿ ನೆನೆದು, ಹಲವರ ಕೈಯಲ್ಲಿ ಸರಿಯಾದ ಕೋವಿಯೂ ಇಲ್ಲದೆ ರೋಮಿನ ಹೊರಗೆ ನಿಂತಿದ್ದರು. ಪ್ರಧಾನಿ ಫಾಕ್ತಾ ಸೈನ್ಯಾಡಳಿತ ಘೋಷಿಸುವ ಆಜ್ಞೆಯನ್ನು ಸಿದ್ಧಪಡಿಸಿ 28ರ ಬೆಳಿಗ್ಗೆ ರಾಜ ಮೂರನೆಯ ವಿಕ್ಟರ್ ಇಮ್ಯಾನ್ಯುಯೆಲನ ಮುಂದಿಟ್ಟ. ರಾಜ ಸಹಿ ಹಾಕಲಿಲ್ಲ. ಮಿಲಾನಿನಲ್ಲಿ ಕುಳಿತು ಕಾಯುತ್ತಿದ್ದ ಮುಸೊಲಿನಿ ರಾತ್ರಿ ರೈಲು ಹತ್ತಿ, ಮಲಗಿ ನಿದ್ದೆ ಮಾಡಿಕೊಂಡು 30ರಂದು ರೋಮಿಗೆ ಬಂದಿಳಿದ, ಪ್ರಧಾನಿಯಾದ. ಮೊದಲ ಸಂಪುಟದಲ್ಲಿ ಹೆಚ್ಚಿನವರು ಫ್ಯಾಸಿಸ್ಟರಲ್ಲದವರೇ. ಆ ನವೆಂಬರಿನಲ್ಲಿ ವಿಶ್ವಾಸಮತ ಕೇಳಿದಾಗ 35 ಸ್ಥಾನದ ಪಕ್ಷದ ನಾಯಕನಿಗೆ ಸಂಸತ್ತು 306 ಮತ ಕೊಟ್ಟಿತು, ವಿರುದ್ಧ ಬಂದದ್ದು 116. ಹೆಚ್ಚುವರಿ ಮತಗಳೆಲ್ಲ ಸಭ್ಯ, ವಿದ್ಯಾವಂತ, ಸಂವಿಧಾನ ಬಲ್ಲವರವು.

ಮುಂದಿನದು ಇಳಿಜಾರು. 1923ರ ನವೆಂಬರಿನ ಅಚೆರ್ಬೊ ಕಾಯ್ದೆಯಂತೆ, ಕಾಲುಭಾಗ ಮತ ಪಡೆದು ಮೊದಲ ಸ್ಥಾನದಲ್ಲಿರುವ ಪಟ್ಟಿಗೆ ಮೂರನೇ ಎರಡರಷ್ಟು ಸ್ಥಾನ. ಈ ಕಾಯ್ದೆಯನ್ನೂ ಸಂಸತ್ತೇ ಮಾಡಿತು. 1924ರ ಮೇ 30ರಂದು ಸಮಾಜವಾದಿ ಸಂಸದ ಮತ್ತಿಯೊತ್ತಿ ಆ ಕಾಯ್ದೆಯಂತೆ ನಡೆದ ಚುನಾವಣೆಯ ಅಕ್ರಮಗಳನ್ನು ಒಂದೊಂದಾಗಿ ಸದನದಲ್ಲಿ ಬಿಚ್ಚಿಟ್ಟ. ಜೂನ್ 10ರಂದು ಫ್ಯಾಸಿಸ್ಟರು ಅವನನ್ನು ರಸ್ತೆಯಿಂದಲೇ ಕಾರಿಗೆಳೆದು ಒಯ್ದರು. ಹೆಣ ಸಿಕ್ಕಿದ್ದು ಆಗಸ್ಟ್‌ನಲ್ಲಿ. ವಿರೋಧ ಪಕ್ಷಗಳು ಪ್ರತಿಭಟಿಸಿ ಸದನ ತೊರೆದು ಹೊರಬಂದವು. ನನ್ನ ದೃಷ್ಟಿಯಲ್ಲಿ ಅದೊಂದು ದುಬಾರಿ ತಪ್ಪು, ಅವರು ಬಿಟ್ಟುಬಂದ ಕುರ್ಚಿಗಳು ಮುಸೊಲಿನಿಗೆ ಅನುಕೂಲವಾದವು. 1925ರ ಜನವರಿ 3ರಂದು, ನಡೆದದ್ದಕ್ಕೆಲ್ಲ ತಾನೇ ಹೊಣೆ ಎಂದು ಅವನು ಸದನದಲ್ಲಿ ಎದೆತಟ್ಟಿ ಹೇಳಿದ. ಯಾರೂ ಏನೂ ಮಾಡಲಾಗಲಿಲ್ಲ.

ಜರ್ಮನಿಯ ಅಂಕಿಗಳು ಇನ್ನೂ ಸ್ಪಷ್ಟ. ನಾತ್ಸಿ ಪಕ್ಷಕ್ಕೆ 1928ರಲ್ಲಿ ಶೇ 2.6 ಮತ, 12 ಸ್ಥಾನ. 1930ರ ಸೆಪ್ಟೆಂಬರಿನಲ್ಲಿ ಶೇ 18.3, 107 ಸ್ಥಾನ. 1932ರ ಜುಲೈನಲ್ಲಿ ಶೇ 37.3. ಮುಕ್ತ ಚುನಾವಣೆಯಲ್ಲಿ ಅದು ಏರಿದ ಗರಿಷ್ಠ ಮಟ್ಟ ಇಷ್ಟೇ. ಅದೇ ನವೆಂಬರಿನಲ್ಲಿ ಶೇ 33.1ಕ್ಕೆ ಇಳಿಯಿತು. ಪಕ್ಷದ ಖಜಾನೆ ಖಾಲಿಯಾಗಿತ್ತು, ಒಳಜಗಳ ಎದ್ದಿತ್ತು. ಇಳಿಯುತ್ತಿದ್ದ ಆ ಗಳಿಗೆಯಲ್ಲೇ, 1933ರ ಜನವರಿ 30ರಂದು, ಅಧ್ಯಕ್ಷ ಹಿಂಡನ್‌ಬರ್ಗ್ ಹಿಟ್ಲರನನ್ನು ಕರೆದು ಚಾನ್ಸಲರ್ ಪದವಿ ಕೊಟ್ಟ. ಸಂಪುಟದಲ್ಲಿ ಹಿಟ್ಲರನೂ ಸೇರಿ ನಾತ್ಸಿಗಳು ಮೂವರೇ. ಉಳಿದವರು ಮನೆತನಸ್ಥರು, ಜಮೀನುದಾರರು, ಅಧಿಕಾರಿಗಳು. ಇದನ್ನೆಲ್ಲ ಕುದುರಿಸಿದ ಮಾಜಿ ಚಾನ್ಸಲರ್ ಪಾಪನ್ ಉಪಚಾನ್ಸಲರ್ ಆದ. ಎರಡು ತಿಂಗಳಲ್ಲಿ ಹಿಟ್ಲರನನ್ನು ಮೂಲೆಗೆ ತಳ್ಳುತ್ತೇವೆ ಎಂದು ಗೆಳೆಯರ ಮುಂದೆ ಕೊಚ್ಚಿಕೊಂಡ. ಎರಡು ತಿಂಗಳೂ ತುಂಬುವ ಮೊದಲೇ, ಮಾರ್ಚ್ 23ರಂದು, ಸಂಸತ್ತು ತನ್ನ ಕಾನೂನು ಮಾಡುವ ಅಧಿಕಾರವನ್ನು 444 ಮತಗಳಿಂದ ಹಿಟ್ಲರನ ಸರ್ಕಾರಕ್ಕೆ ಬಿಟ್ಟುಕೊಟ್ಟಿತು. ವಿರುದ್ಧ ಮತ ಹಾಕಿದ್ದು 94 ಸಮಾಜವಾದಿಗಳು ಮಾತ್ರ. ಕಮ್ಯುನಿಸ್ಟರನ್ನು ಸದನದೊಳಕ್ಕೇ ಬಿಟ್ಟಿರಲಿಲ್ಲ.

ಇಷ್ಟು ಎಲ್ಲ ಪಠ್ಯಪುಸ್ತಕಗಳಲ್ಲಿದೆ. ನಾನು ಅಳತೆಗೋಲು ಎಂದದ್ದು ಇನ್ನೊಂದು ಅಂಕಿಸರಣಿಯನ್ನು. ವೈಮರ್ ಸಂವಿಧಾನದ 48ನೆಯ ವಿಧಿಯಂತೆ ಅಧ್ಯಕ್ಷ ತುರ್ತು ಸಂದರ್ಭದಲ್ಲಿ ಸಂಸತ್ತನ್ನು ಕೇಳದೆ ಆಜ್ಞೆ ಹೊರಡಿಸಬಹುದಾಗಿತ್ತು. 1930ರಲ್ಲಿ ಸಂಸತ್ತು ಮಾಡಿದ ಕಾನೂನು 98, ತುರ್ತು ಆಜ್ಞೆ 5. 1931ರಲ್ಲಿ ಕಾನೂನು 34, ಆಜ್ಞೆ 44. 1932ರಲ್ಲಿ ಕಾನೂನು 5, ಆಜ್ಞೆ ಅರವತ್ತಕ್ಕೂ ಮೇಲೆ. ಹಿಟ್ಲರ್ ಅಧಿಕಾರಕ್ಕೆ ಬರುವ ಮೊದಲೇ ಸಂಸತ್ತು ಸತ್ತಿತ್ತು. ಸರ್ಕಾರ ನಡೆಸಲು ಅದು ಬೇಕಾಗಿಲ್ಲ ಎಂಬುದು ಜನರಿಗೂ ಅಧಿಕಾರಿಗಳಿಗೂ ರೂಢಿಯಾಗಿತ್ತು.

ಈ ರೂಢಿಯನ್ನು ಹಾಕಿಕೊಟ್ಟವರು ದುಷ್ಟರಲ್ಲ. ಗಣರಾಜ್ಯದ ಮೊದಲ ಅಧ್ಯಕ್ಷ ಎಬರ್ಟ್ ಪ್ರಾಮಾಣಿಕ ಪ್ರಜಾಪ್ರಭುತ್ವವಾದಿ. 1919ರಿಂದ 1925ರವರೆಗೆ ಅವನೇ ಆ ವಿಧಿಯನ್ನು 130ಕ್ಕೂ ಹೆಚ್ಚು ಸಲ ಬಳಸಿದ, ಹಲವು ಸಲ ಗಣರಾಜ್ಯವನ್ನು ಉಳಿಸುವುದಕ್ಕಾಗಿಯೇ. 1930ರಲ್ಲಿ ಚಾನ್ಸಲರ್ ಆದ ಬ್ರೂನಿಂಗ್ ಕೂಡ ಸಜ್ಜನ. ಆರ್ಥಿಕ ಕುಸಿತದ ನಡುವೆ ಬಜೆಟ್ ಸರಿದೂಗಿಸಬೇಕೆಂದು ಹಟ ಹಿಡಿದು, ಸಂಬಳ, ಪಿಂಚಣಿ, ನಿರುದ್ಯೋಗ ಭತ್ಯೆಗಳನ್ನು ಆಜ್ಞೆಗಳ ಮೇಲೆ ಆಜ್ಞೆ ಹೊರಡಿಸಿ ಕತ್ತರಿಸಿದ. 1932ರ ಆರಂಭಕ್ಕೆ ನಿರುದ್ಯೋಗಿಗಳು 60 ಲಕ್ಷ ದಾಟಿದ್ದರು. ಗಾಲೊಫ್ರೆ-ವಿಲಾ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಜಿಲ್ಲಾವಾರು ಲೆಕ್ಕ ತೆಗೆದು ನೋಡಿತು: ಖರ್ಚು ಕಡಿತ, ತೆರಿಗೆ ಏರಿಕೆಯ ಪೆಟ್ಟು ಹೆಚ್ಚು ಬಿದ್ದ ಕಡೆ ನಾತ್ಸಿ ಮತವೂ ಹೆಚ್ಚಿತ್ತು. ಕೆಲಸ ಕಳೆದುಕೊಂಡವರೇ ಹಿಟ್ಲರನಿಗೆ ಮತ ಹಾಕಿದರು ಎಂಬ ತಿಳಿವಳಿಕೆ ಅಷ್ಟು ಸರಿಯಲ್ಲ. ಅವರಲ್ಲಿ ಬಹಳ ಮಂದಿ ಕಮ್ಯುನಿಸ್ಟರ ಕಡೆ ಹೋದರು. ಇರುವುದನ್ನು ಕಳೆದುಕೊಳ್ಳುವ ಭಯದಲ್ಲಿದ್ದ ಅಂಗಡಿಯವರು, ಕುಶಲಕರ್ಮಿಗಳು, ಸಣ್ಣ ಹಿಡುವಳಿದಾರರು ನಾತ್ಸಿಗಳ ಕಡೆ ವಾಲಿದರು.

ಮಂಡ್ಯ ಸೀಮೆಯ ಓದುಗರು ಷ್ಲೆಸ್ವಿಗ್-ಹೋಲ್ಸ್ಟೈನ್ ಎಂಬ ಉತ್ತರ ಜರ್ಮನಿಯ ರೈತ ಪ್ರಾಂತವನ್ನು ಗಮನಿಸಬೇಕು. ದನ, ಹಂದಿ, ಬೆಣ್ಣೆಯ ಬೆಲೆ ಬಿದ್ದುಹೋಗಿ, ಸಾಲಕ್ಕೆ ಜಮೀನು ಹರಾಜಾಗತೊಡಗಿದಾಗ ಅಲ್ಲಿ 1928ರಲ್ಲಿ ದೊಡ್ಡ ರೈತ ಚಳವಳಿಯೇ ಎದ್ದಿತು. ಇದ್ದ ಪಕ್ಷಗಳು ಕಿವಿಗೊಡಲಿಲ್ಲ. ಆ ವರ್ಷ ಅಲ್ಲಿ ನಾತ್ಸಿ ಮತ ಶೇ 4. ನಾಲ್ಕು ವರ್ಷದ ನಂತರ ಶೇ 51. ಇದೇ ಬಗೆಯ ಸಾಲ, ಇದೇ ಬಗೆಯ ಜಪ್ತಿ ನಮ್ಮಲ್ಲೂ ಇತ್ತು. 1980ರಲ್ಲಿ ಹುಟ್ಟಿದ ರೈತ ಸಂಘ ಆ ಸಿಟ್ಟನ್ನು ಬೇರೆ ದಾರಿಗೆ ತಿರುಗಿಸಿತು. ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದೆಂದು ಹಳ್ಳಿಗಳ ಬಾಗಿಲಲ್ಲಿ ಬೋರ್ಡು ನಿಂತವು. ಪಾಂಡವಪುರದ ಕೆ.ಎಸ್. ಪುಟ್ಟಣ್ಣಯ್ಯನವರಂಥವರು ಬೀದಿಯಿಂದ ವಿಧಾನಸಭೆಗೆ ಹೋಗಿ ಅದೇ ಮಾತನ್ನು ಅಲ್ಲೂ ಆಡಿದರು. ಸಂಕಷ್ಟ ಎರಡೂ ಕಡೆ ಒಂದೇ, ಅದು ಹರಿದ ಕಾಲುವೆ ಬೇರೆ.

ಸಂಘಟನೆ ಇದ್ದರೆ ಸಾಕು, ಸಮಾಜ ತಾನೇ ಉಳಿದುಕೊಳ್ಳುತ್ತದೆ ಎನ್ನಲೂ ಬರುವುದಿಲ್ಲ. ಶಂಕರ್ ಸತ್ಯನಾಥ್ ಮತ್ತು ಇಬ್ಬರು ಸಹಸಂಶೋಧಕರು ಇನ್ನೂರಕ್ಕೂ ಹೆಚ್ಚು ಜರ್ಮನ್ ಪಟ್ಟಣಗಳ ದಾಖಲೆ ತೆಗೆದು 2017ರಲ್ಲಿ ತೋರಿಸಿದ್ದು ಇದು: ಹಾಡುಕೂಟ, ಆಟದ ಕ್ಲಬ್ಬು, ಮಾಜಿ ಸೈನಿಕರ ಸಂಘ ಹೆಚ್ಚಿದ್ದ ಊರುಗಳಲ್ಲಿ ನಾತ್ಸಿ ಪಕ್ಷಕ್ಕೆ ಸದಸ್ಯರು ಇನ್ನೂ ಬೇಗ ಸೇರಿದರು. ಒಬ್ಬ ಬಂದರೆ ಅವನ ಹಿಂದೆ ಗೆಳೆಯರ ಬಳಗವೇ ಬರುತ್ತಿತ್ತು. ಆದರೆ ಸರ್ಕಾರ ಗಟ್ಟಿಯಾಗಿ ನಿಂತಿದ್ದ ಪ್ರಷ್ಯ ರಾಜ್ಯದಲ್ಲಿ ಈ ಪರಿಣಾಮ ಬಹಳ ಕಡಿಮೆ. 1932ರ ಜುಲೈ 20ರಂದು, ಆಗ ಚಾನ್ಸಲರ್ ಆಗಿದ್ದ ಪಾಪನ್ ತುರ್ತು ಆಜ್ಞೆ ಹೊರಡಿಸಿ ಆ ಪ್ರಷ್ಯ ಸರ್ಕಾರವನ್ನೇ ಕಿತ್ತುಹಾಕಿದ. ರೇಡಿಯೋ ಕುರಿತ 2015ರ ಇನ್ನೊಂದು ಅಧ್ಯಯನವೂ, ಅಧಿಕಾರ ಯಾರ ಕೈಯಲ್ಲಿದೆ ಎಂಬುದೇ ಮುಖ್ಯ ಎಂಬುದನ್ನು ಬೇರೆ ಬಗೆಯಲ್ಲಿ ಹೇಳುತ್ತದೆ. 1933ಕ್ಕೆ ಮೊದಲು ರೇಡಿಯೋ ತಲುಪಿದ ಕಡೆ ನಾತ್ಸಿ ಮತ ಕುಗ್ಗಿತ್ತು, ಯಂತ್ರ ಅವರ ಕೈಗೆ ಬಂದ ಮೇಲೆ ಅದೇ ರೇಡಿಯೋ ಅವರ ಮತ ಹೆಚ್ಚಿಸಿತು. ಇಂದಿನ ಮೊಬೈಲಿಗೆ ಬೈಯುವವರು ಮೊದಲು ಅದರ ಹಿಂದೆ ಯಾರ ಕೈಯಿದೆ ಎಂದು ಕೇಳುವುದು ಒಳ್ಳೆಯದು.

ಎಲ್ಲ ಕಡೆ ಬಾಗಿಲು ತೆರೆಯಲಿಲ್ಲ. ಬೆಲ್ಜಿಯಂನಲ್ಲಿ ಲೆಯೋನ್ ದಗ್ರೆಲ್‌ನ ರೆಕ್ಸ್ ಪಕ್ಷ 1936ರಲ್ಲಿ ಏಕಾಏಕಿ 21 ಸ್ಥಾನ ಗೆದ್ದಿತು. 1937ರ ಏಪ್ರಿಲಿನ ಬ್ರಸೆಲ್ಸ್ ಉಪಚುನಾವಣೆಗೆ ದಗ್ರೆಲ್ ನಿಂತಾಗ ಕ್ಯಾಥೊಲಿಕರು, ಉದಾರವಾದಿಗಳು, ಸಮಾಜವಾದಿಗಳು, ಕಮ್ಯುನಿಸ್ಟರು ತಂತಮ್ಮ ಜಗಳ ಬದಿಗಿಟ್ಟು ಪ್ರಧಾನಿ ವಾನ್ ಜೇಲಾಂಡ್ ಒಬ್ಬನನ್ನೇ ಬೆಂಬಲಿಸಿದರು. ದಗ್ರೆಲ್‌ಗೆ ಐದರಲ್ಲೊಂದು ಭಾಗ ಮತವೂ ಬರಲಿಲ್ಲ. ಫಿನ್ಲೆಂಡಿನ ಲಾಪುವಾ ಚಳವಳಿ 1932ರಲ್ಲಿ ಮ್ಯಾನ್ಟ್‌ಸಲಾದಲ್ಲಿ ದಂಗೆ ಎದ್ದಾಗ, ಆ ಚಳವಳಿಗೆ ಹಿಂದೆ ಅನುಕೂಲನಾಗಿದ್ದ ಬಲಪಂಥೀಯ ಅಧ್ಯಕ್ಷ ಸ್ವಿನ್‌ಹುವೂದ್ ರೇಡಿಯೋದಲ್ಲಿ ಮಾತಾಡಿ ಎಲ್ಲರೂ ಮನೆಗೆ ಹೋಗಿ ಎಂದ. ಹೋದರು. ಅಲ್ಲಿ ಫ್ಯಾಸಿಸ್ಟರಿಗೆ ಅತಿ ಹತ್ತಿರದಲ್ಲಿದ್ದವನೇ ಬಾಗಿಲು ಹಾಕಿದ. ಎದುರಾಳಿಗಳು ಹಾಕುವ ಬೀಗಕ್ಕಿಂತ ನೆಂಟರು ಹಾಕುವ ಬೀಗ ಗಟ್ಟಿ.

ಈಗ ಮನೆಯ ಕಡೆಗೆ. ನಮ್ಮ ಸಂವಿಧಾನ ಸಿದ್ಧವಾಗುತ್ತಿದ್ದಾಗ, 1949ರ ಆಗಸ್ಟ್‌ನಲ್ಲಿ, ತುರ್ತು ಅಧಿಕಾರದ ವಿಧಿಗಳು ಸಂವಿಧಾನ ಸಭೆಯಲ್ಲಿ ಚರ್ಚೆಗೆ ಬಂದವು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಎದ್ದುನಿಂತು ವೈಮರ್ ಸಂವಿಧಾನವನ್ನೇ ಎತ್ತಿ ತೋರಿಸಿದರು. ಇಂಥ ಅಧಿಕಾರವನ್ನು ಬಳಸಿಕೊಂಡೇ ಹಿಟ್ಲರ್ ಮೇಲೆ ಬಂದ, ನಾವು ಪೊಲೀಸ್ ರಾಜ್ಯಕ್ಕೆ ಅಡಿಗಲ್ಲು ಹಾಕುತ್ತಿದ್ದೇವೆ ಎಂದು ಎಚ್ಚರಿಸಿದರು. ಸಭೆ ಒಪ್ಪಲಿಲ್ಲ. ಅಧಿಕಾರ ಒಳ್ಳೆಯವರ ಕೈಯಲ್ಲಿ ಇರುವುದರಿಂದ ಭಯವಿಲ್ಲ ಎಂಬ ಭಾವ ಆಗ ಎಲ್ಲೆಡೆ ಇತ್ತು. ಅದೇ ನವೆಂಬರ್ 25ರಂದು ಅಂಬೇಡ್ಕರ್ ಇನ್ನೂ ಆಳಕ್ಕೆ ಹೋಗಿ, ರಾಜಕಾರಣದಲ್ಲಿ ಭಕ್ತಿ ಕೊನೆಗೆ ಮುಟ್ಟುವುದು ಸರ್ವಾಧಿಕಾರಕ್ಕೇ ಎಂದರು.

ಕಾಮತರ ಎಚ್ಚರಿಕೆ ನಿಜವಾಗಲು 26 ವರ್ಷ ಬೇಕಾಯಿತು. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ತುರ್ತುಸ್ಥಿತಿಯ ಘೋಷಣೆಗೆ ಸಹಿ ಹಾಕಿದರು. ಸಂಪುಟಕ್ಕೆ ತಿಳಿದದ್ದು ಮರುದಿನ ಬೆಳಗ್ಗೆ. ಆಮೇಲೆ ಅದರ ತನಿಖೆ ನಡೆಸಿದ ಷಾ ಆಯೋಗದ ಲೆಕ್ಕದಂತೆ ಬಂಧನಕ್ಕೊಳಗಾದವರು 1,10,806. ಸಂಸದೀಯ ಸಮಿತಿ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇಲ್ಲೇ ಸೆರೆಯಾದರು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ನರಳುತ್ತಲೇ ಬೆಂಗಳೂರು ಜೈಲಿನಲ್ಲಿ ಎಂಟು ತಿಂಗಳು ಕಳೆದು, 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಬಂದರು, 20ರಂದು ತೀರಿಕೊಂಡರು. ಬಂಧಿತರ ಅರ್ಜಿಯನ್ನು ಕೇಳಬಹುದು ಎಂದ ಒಂಬತ್ತು ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಅದನ್ನು 4-1ರಲ್ಲಿ ಅಳಿಸಿಹಾಕಿತು.

ಇದನ್ನು ಫ್ಯಾಸಿಸಂ ಎಂದು ಕರೆಯುವುದು ಲೆಕ್ಕ ತಪ್ಪಿದ ಮಾತು. ಕರಿಯಂಗಿ ತಂಡಗಳಿರಲಿಲ್ಲ, 21 ತಿಂಗಳ ನಂತರ ನಡೆದ ಚುನಾವಣೆಯಲ್ಲಿ ಸೋತವರು ಇಳಿದು ಹೋದರು. ಆದರೆ ಬಾಗಿಲು ಹೇಗೆ ತೆರೆಯುತ್ತದೆ ಎಂಬುದು ಆಗ ನಮಗೆ ಕಂಡಿತು.

ಆ ಬಾಗಿಲಿಗೆ ಒಂದು ಅಗುಳಿ ಸಿಕ್ಕಿದ್ದು ಕನ್ನಡದ ನೆಲದಿಂದಲೇ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಹಿಟ್ಲರ್ ಸಂವಿಧಾನವನ್ನು ಸಂವಿಧಾನದಿಂದಲೇ ಕೊಂದದ್ದನ್ನು ಕಂಡ ಜರ್ಮನ್ನರು 1949ರ ತಮ್ಮ ಹೊಸ ಸಂವಿಧಾನದ 79ನೆಯ ವಿಧಿಯಲ್ಲಿ, ಕೆಲವು ಮೂಲತತ್ವಗಳನ್ನು ಯಾವ ತಿದ್ದುಪಡಿಯೂ ಮುಟ್ಟಕೂಡದು ಎಂದು ಬರೆದುಕೊಂಡರು. ಹೈಡೆಲ್‌ಬರ್ಗಿನ ವಿದ್ವಾಂಸ ಡೀಟ್ರಿಶ್ ಕಾನ್ರಾಡ್ 1965ರ ಫೆಬ್ರುವರಿಯಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಈ ವಿಚಾರ ಕುರಿತು ಉಪನ್ಯಾಸ ಮಾಡಿದ. ಮಂಗಳೂರಿನಲ್ಲಿ ವಕೀಲಿ ಆರಂಭಿಸಿದ್ದ ಎಂ.ಕೆ. ನಂಬಿಯಾರ್ ಆ ವಾದವನ್ನು ಗೋಲಕನಾಥ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಮುಂದಿಟ್ಟರು. ಆಮೇಲೆ ಬಂದದ್ದು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಅರ್ಜಿ. ಯಕ್ಷಗಾನದ ಪೋಷಕರಾಗಿ ಕರಾವಳಿ ಕಂಡ ಸ್ವಾಮೀಜಿ ಕೋರ್ಟಿಗೆ ಹೋದದ್ದು ಮಠದ ಜಮೀನಿಗಾಗಿ. ಜಮೀನು ಉಳಿಯಲಿಲ್ಲ. ಹದಿಮೂರು ನ್ಯಾಯಮೂರ್ತಿಗಳ ಮುಂದೆ 68 ದಿನ ನಡೆದ ವಿಚಾರಣೆ 1973ರ ಮಾರ್ಚ್ 23ಕ್ಕೆ ಮುಗಿಯಿತು. ಬರ್ಲಿನ್ನಿನ ಸಂಸತ್ತು ತನ್ನ ಅಧಿಕಾರ ಬಿಟ್ಟುಕೊಟ್ಟು ಅಂದಿಗೆ ಸರಿಯಾಗಿ 40 ವರ್ಷ. ಏಪ್ರಿಲ್ 24ರಂದು 7-6ರ ತೀರ್ಪು ಬಂತು: ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವ ಹಾಗಿಲ್ಲ.

ಬಹುಮತದ ಕಡೆಯಿದ್ದ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ಸರ್ಕಾರ ಮರುದಿನವೇ ಹಿಂದಿಕ್ಕಿ, ಅವರಿಗಿಂತ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರಲ್ಲಿ ಒಬ್ಬರು ಕಾರ್ಕಳ ಸೀಮೆಯ ಕೆ.ಎಸ್. ಹೆಗ್ಡೆ. ಅವರು ರಾಜೀನಾಮೆ ಕೊಟ್ಟು, 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್ ಆದರು. ಆದರೆ ಆ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 26ನ್ನು ನಾವು ಗೆಲ್ಲಿಸಿಕೊಟ್ಟದ್ದು ತುರ್ತುಸ್ಥಿತಿ ಹೇರಿದ ಪಕ್ಷಕ್ಕೇ. ದೇವರಾಜ ಅರಸರ ಭೂಸುಧಾರಣೆ ಕೊಟ್ಟ ನೆಲ ಜನರ ಕಣ್ಣ ಮುಂದಿತ್ತು, ಜೈಲಿನೊಳಗಿನವರು ಕಾಣುತ್ತಿರಲಿಲ್ಲ. ಅದಕ್ಕಾಗಿ ಯಾರನ್ನೂ ದೂರುವಂತಿಲ್ಲ. ಆದರೆ ಕನ್ನಡಿಗ ಸರ್ವಾಧಿಕಾರವನ್ನು ಸಹಜವಾಗಿಯೇ ತಿರಸ್ಕರಿಸುತ್ತಾನೆ ಎಂಬ ಹೆಮ್ಮೆಗೆ ಈ ಅಂಕಿ ಜಾಗ ಕೊಡುವುದಿಲ್ಲ.

ಇಂದಿನ ಮಟ್ಟ ಎಷ್ಟಿದೆ? ಸ್ವೀಡನ್ನಿನ ವಿ-ಡೆಮ್ ಸಂಸ್ಥೆ 2021ರ ವರದಿಯಲ್ಲಿ ಭಾರತವನ್ನು ‘ಚುನಾವಣೆ ಇರುವ ನಿರಂಕುಶ ವ್ಯವಸ್ಥೆ’ಗಳ ಸಾಲಿಗೆ ಸೇರಿಸಿತು. ಕೇಂದ್ರ ಸರ್ಕಾರ ಅದನ್ನು ತಿರಸ್ಕರಿಸಿತು. ತಜ್ಞರ ಅಭಿಪ್ರಾಯವನ್ನು ಅಂಕಗಳಿಗಿಳಿಸುವ ಆ ವಿಧಾನದ ಮೇಲಿನ ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ, ಹಾಗಾಗಿ ನಾನು ಅದರ ಮೇಲೆ ಹೆಚ್ಚು ಭಾರ ಹಾಕುವುದಿಲ್ಲ. ನನಗೆ ಹೆಚ್ಚು ದಿಗಿಲು ಹುಟ್ಟಿಸುವುದು ನಮ್ಮ ಬಾಯಿಂದಲೇ ಬಂದ ಉತ್ತರ. ಸಂಸತ್ತು, ಕೋರ್ಟುಗಳ ಅಡ್ಡಿಯಿಲ್ಲದೆ ಒಬ್ಬ ಗಟ್ಟಿ ನಾಯಕ ತೀರ್ಮಾನ ಮಾಡುವ ವ್ಯವಸ್ಥೆ ಒಳ್ಳೆಯದೇ ಎಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ ಕೇಳಿದಾಗ, 2017ರಲ್ಲಿ ಭಾರತೀಯರಲ್ಲಿ ಶೇ 55 ಮಂದಿ ಹೌದೆಂದಿದ್ದರು. 2023ರಲ್ಲಿ ಹೌದೆಂದವರು ಶೇ 67. ಸೈನ್ಯ ಆಳಿದರೂ ಒಳ್ಳೆಯದೇ ಎಂದವರು ಶೇ 72. ಇದು ಯಾವ ಪಕ್ಷದ ಮಟ್ಟವೂ ಅಲ್ಲ, ಹೊಳೆಯ ಮಟ್ಟ. ಯಾವ ಪಕ್ಷದ ಯಾವ ನಾಯಕ ಮುಂದೆ ಬಂದರೂ ಅವನಿಗೆ ಸಿಗುವ ನೀರು ಇದು.

ಜನ ಶಾಸನಸಭೆಯ ಮೇಲೆ ಬೇಸತ್ತಿದ್ದರೆ ಅದಕ್ಕೆ ಸಭೆಯ ಕಾಣಿಕೆಯೂ ಸಣ್ಣದಲ್ಲ. ವರ್ಷಕ್ಕೆ ಕನಿಷ್ಠ 60 ದಿನ ಅಧಿವೇಶನ ನಡೆಯಬೇಕೆಂದು ಕರ್ನಾಟಕ 2005ರಲ್ಲಿ ಕಾಯ್ದೆಯನ್ನೇ ಮಾಡಿಕೊಂಡಿತು, ಪಾಲಿಸುವುದನ್ನು ಮರೆತಿದೆ. 2019ರ ಜುಲೈನಲ್ಲಿ 17 ಶಾಸಕರು ಅನರ್ಹರಾದರು. ಕೆ.ಆರ್. ಪೇಟೆಯ ಶಾಸಕರೂ ಅವರಲ್ಲಿದ್ದರು, ಡಿಸೆಂಬರಿನಲ್ಲಿ ಬೇರೆ ಪಕ್ಷದಿಂದ ಮತ್ತೆ ಗೆದ್ದರು. ಸುಗ್ರೀವಾಜ್ಞೆಯ ರೂಢಿಯೂ ಎಲ್ಲ ಪಕ್ಷಗಳಿಗೂ ಹಿಡಿಸಿದೆ. 2020ರಲ್ಲಿ ಭೂಸುಧಾರಣೆ ತಿದ್ದುಪಡಿ ಮೊದಲು ಸುಗ್ರೀವಾಜ್ಞೆಯಾಗಿ ಬಂತು, ರೈತರು ಬೀದಿಗಿಳಿದರು. 2025ರ ಫೆಬ್ರುವರಿಯಲ್ಲಿ ಮೈಕ್ರೋಫೈನಾನ್ಸ್ ವಸೂಲಿಗಾರರ ಕಿರುಕುಳ ತಡೆಯುವ ಸುಗ್ರೀವಾಜ್ಞೆ ಬಂತು, ಹಳ್ಳಿಯ ಹೆಣ್ಣುಮಕ್ಕಳು ನಿಟ್ಟುಸಿರು ಬಿಟ್ಟರು. ಎರಡನೆಯದರ ಉದ್ದೇಶ ಒಳ್ಳೆಯದು ಎನ್ನುವುದರಲ್ಲಿ ನನಗೂ ಅನುಮಾನವಿಲ್ಲ. ಎಬರ್ಟನ ಉದ್ದೇಶವೂ ಒಳ್ಳೆಯದೇ ಆಗಿತ್ತು.

ಎಲ್ಲಕ್ಕಿಂತ ಹತ್ತಿರದ ಗುರುತು ನಮ್ಮ ಊರಿನೊಳಗೇ ಇದೆ. ಮುಸೊಲಿನಿ 1926ರ ಫೆಬ್ರುವರಿಯಲ್ಲಿ ಒಂದು ಕಾನೂನು ತಂದು, ಐದು ಸಾವಿರದೊಳಗೆ ಜನವಿರುವ ಊರುಗಳಲ್ಲಿ ಚುನಾಯಿತ ಸ್ಥಳೀಯ ಸಂಸ್ಥೆಯನ್ನು ತೆಗೆದುಹಾಕಿ, ಮೇಲಿನಿಂದ ನೇಮಕವಾದ ‘ಪೊದೆಸ್ತಾ’ನನ್ನು ಕೂರಿಸಿದ. ಅದೇ ವರ್ಷ ಅದು ದೊಡ್ಡ ಊರುಗಳಿಗೂ ಹರಡಿತು. ಮೊದಲು ಬಾಯಿ ಕಟ್ಟಿದ್ದು ಅಕ್ಕಿಹೆಬ್ಬಾಳು, ಕಿಕ್ಕೇರಿಯಂಥ ಹಳ್ಳಿಗಳದ್ದು. ಸಚಿವ ಅಬ್ದುಲ್ ನಜೀರ್ ಸಾಬರ 1983ರ ಪಂಚಾಯಿತಿ ಕಾಯ್ದೆಯಿಂದ ದೇಶಕ್ಕೆ ದಾರಿ ತೋರಿಸಿದ ಕರ್ನಾಟಕದಲ್ಲಿ ಆದದ್ದು ನೋಡಿ. 2016ರಲ್ಲಿ ಆಯ್ಕೆಯಾದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ನಾಲ್ಕು ವರ್ಷ ಕಳೆದರೂ ಚುನಾವಣೆ ನಡೆಯಲಿಲ್ಲ, ಅಧಿಕಾರಿಗಳದೇ ಆಡಳಿತ ನಡೆಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟಿನ ತಕರಾರು ಎಂದು ಕಾರಣಗಳು ಬದಲಾದವು, ಸರ್ಕಾರ ಬದಲಾಯಿತು, ಖಾಲಿ ಕುರ್ಚಿ ಬದಲಾಗಲಿಲ್ಲ. ಇದರ ಹಿಂದೆ ಸರ್ವಾಧಿಕಾರಿಯ ಸಂಚು ಇದೆ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ಬೇಕೆಂದು ಮಾಡಿದ್ದು, ಇಲ್ಲಿ ಆಲಸ್ಯದಿಂದ, ಅನುಕೂಲದಿಂದ ಆಗುತ್ತಿದೆ. ಆದರೆ ಚುನಾಯಿತರಿಲ್ಲದೆಯೂ ಕಚೇರಿ ನಡೆಯುತ್ತದೆ ಎಂದು ಒಂದು ತಾಲ್ಲೂಕಿಗೆ ಒಮ್ಮೆ ರೂಢಿಯಾದರೆ, ಮುಂದೆ ಸಂಚು ಮಾಡುವವನು ಬಂದಾಗ ಅವನ ಕೆಲಸ ಹಗುರವಾಗಿರುತ್ತದೆ.

1938ರ ಏಪ್ರಿಲ್ 10ರಂದು ಆಸ್ಟ್ರಿಯಾದ ಮತದಾರರಲ್ಲಿ ಶೇ 99.7 ಮಂದಿ ಹಿಟ್ಲರನಿಗೆ ಹೌದೆಂದರು ಎಂದು ಘೋಷಿಸಲಾಯಿತು. ಅದೇ ತಿಂಗಳು ಮದ್ದೂರಿನ ಶಿವಪುರದಲ್ಲಿ ಸಂಸ್ಥಾನದ ನಿಷೇಧ ಮೀರಿ ಜನ ಬಾವುಟ ಹಾರಿಸಿದರು. ವಿದುರಾಶ್ವತ್ಥದಲ್ಲಿ ಬಾವುಟಕ್ಕಾಗಿ ಗುಂಡಿಗೆ ಎದೆಯೊಡ್ಡಿದರು. ಆ ಜನರಿಗೆ ಮತದ ಹಕ್ಕೂ ಪೂರ್ತಿ ಇರಲಿಲ್ಲ. ನಮಗಿದೆ. ಸಂವಿಧಾನದ 243ಇ ವಿಧಿಯ ಪ್ರಕಾರ ಯಾವ ಪಂಚಾಯಿತಿಯ ಅವಧಿಯೂ ಐದು ವರ್ಷಕ್ಕಿಂತ ಹೆಚ್ಚಲ್ಲ, ಅದು ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು. 2020ರ ಡಿಸೆಂಬರಿನಲ್ಲಿ ಆಯ್ಕೆಯಾದ ಗ್ರಾಮ ಪಂಚಾಯಿತಿಗಳಿಗೂ ಇದೇ ಲೆಕ್ಕ. ಮುಂದಿನ ಗ್ರಾಮಸಭೆಗೆ ಹೋಗಿ. ರಸ್ತೆ, ಚರಂಡಿ, ಬೀದಿದೀಪದ ಅರ್ಜಿಗಳ ಜತೆಗೆ, ಯಾವ ಹಂತದ ಪಂಚಾಯಿತಿಯನ್ನೂ ಆಡಳಿತಾಧಿಕಾರಿಯ ಕೈಗೆ ಬಿಡಕೂಡದು, ಚುನಾವಣೆಯ ದಿನಾಂಕವನ್ನು ಮೊದಲೇ ತಿಳಿಸಬೇಕು ಎಂಬ ನಿರ್ಣಯವನ್ನೂ ಬರೆಸಿ, ನಡಾವಳಿಯ ಪುಸ್ತಕದಲ್ಲಿ ಅದು ದಾಖಲಾಗಿದೆಯೆ ಎಂದು ಓದಿ ನೋಡಿದ ಮೇಲೆಯೇ ಸಹಿ ಹಾಕಿ.